ಲಾವೋ ಭಾಷೆಯನ್ನು ಚಿಕ್ಕದು ಅನ್ನಬೇಡಿ

ಪತ್ರ: ಮಾನ್ಯ ಸಂಪಾದಕರೇ, ನನ್ನ ಮಗಳು ಹಾಂಕಾಂಗ್‌ನಲ್ಲಿದ್ದಾಳೆ. ಈಚೆಗೆ ಅವಳ ಸಂಸಾರದ ಜೊತೆ ಲಾವೋಸ್ ನೋಡಿ ಬಂದೆವು. ಲುವಾಂಗ್ ಪ್ರಬಾಂಗ್ ಸಂತೆಯಲ್ಲಿ ಬೆಲೆ ಹೇಳುವುದನ್ನು ಕೇಳಿ ಅವಳು, 'ಅಪ್ಪಾ, ಎಣಿಕೆ ನಮ್ಮ ಕ್ಯಾಂಟನೀಸ್ ಥರಾನೇ ಇದೆ' ಎಂದಳು. ಹಾಗಾದರೆ ಲಾವೋ ಅನ್ನುವುದು ಕ್ಯಾಂಟನೀಸ್‌ನ ಹಳ್ಳಿ ರೂಪವೇ? ಎಂಟು ಕೋಟಿ ಜನರಾಡುವ ಆ ಭಾಷೆ ಎಲ್ಲಿ, ಈ ಪುಟ್ಟ ದೇಶದ ಭಾಷೆ ಎಲ್ಲಿ! — ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ನಿಮ್ಮ ಮಗಳ ಕಿವಿ ಬಹಳ ಚುರುಕು. ಆರು, ಏಳು, ಎಂಟು, ಹತ್ತು ಎನ್ನಲು ಲಾವೋದಲ್ಲಿ ಹೋಕ್, ಚೆತ್, ಪೇತ್, ಸಿಪ್. ಕ್ಯಾಂಟನೀಸ್‌ನಲ್ಲಿ ಲುಕ್, ಚತ್, ಬಾತ್, ಸಪ್. ಅದೇ ಬೀಜಿಂಗ್‌ನವರ ಬಾಯಲ್ಲಿ, ಅಂದರೆ ಮ್ಯಾಂಡರಿನ್‌ನಲ್ಲಿ, ಲ್ಯೂ, ಚೀ, ಬಾ, ಶಿ. ಕೊನೆಯ ಕ್, ತ್, ಪ್ ಅಲ್ಲಿ ಸವೆದು ಹೋಗಿವೆ. ದಕ್ಷಿಣದ ಇವೆರಡು ಭಾಷೆಗಳಾದರೋ ಅವನ್ನು ಉಳಿಸಿಕೊಂಡಿವೆ.

ಆದರೆ ಇವು ಅಕ್ಕತಂಗಿಯರಲ್ಲ, ಹಳೇ ನೆರೆಮನೆಯವರು. ಕ್ಯಾಂಟನೀಸ್ ಚೀನೀ ಭಾಷೆಗಳ ಕುಟುಂಬದ್ದು. ಲಾವೋ ಥಾಯ್ ಭಾಷೆಯ ಕುಟುಂಬದ್ದು. ಸಾವಿರ ವರ್ಷಕ್ಕೂ ಹಿಂದೆ ಥಾಯ್-ಲಾವೋ ಪೂರ್ವಿಕರು ಚೀನೀಯರಿಂದ ಎಣಿಕೆ ಕಡ ತಂದರು. ಪೂರ್ತಿ ತರಲಿಲ್ಲ. ಲಾವೋದಲ್ಲಿ ಒಂದಕ್ಕೆ 'ನುಂಗ್', ಇಪ್ಪತ್ತಕ್ಕೆ 'ಸಾವ್'. ಹನ್ನೊಂದಕ್ಕೆ ಬಂದರೆ ಮಾತ್ರ 'ಸಿಪ್ ಎತ್' ಎಂದು ಚೀನೀ 'ಒಂದು' ಮತ್ತೆ ತಲೆ ಹಾಕುತ್ತದೆ.

ಇನ್ನೊಂದು ಸಂಗತಿ ಕೇಳಿ. ಕೊಡುಕೊಳ್ಳುವಿಕೆ ಒಂದೇ ಕಡೆಯಿಂದ ಆಗಿದ್ದಲ್ಲ. ಕ್ಯಾಂಟನೀಸ್ ಬೆಳೆದ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್, ಗ್ವಾಂಗ್‌ಶಿ ನೆಲದಲ್ಲಿ ಮೊದಲು ಇದ್ದವರಲ್ಲಿ ಲಾವೋ ಜನರ ಬಳಗದವರೂ ಇದ್ದರು. ಆ ಬಳಗದ ಝುವಾಂಗ್ ಜನ ಇಂದಿಗೂ ಗ್ವಾಂಗ್‌ಶಿಯಲ್ಲಿ ಕೋಟಿಗೂ ಮೀರಿ ಇದ್ದಾರೆ. 'ನಾನು ಮೊದಲು ಹೊರಡ್ತೀನಿ' ಅನ್ನಲು ಬೀಜಿಂಗ್‌ನವರು 'ಮೊದಲು' ಎಂಬುದನ್ನು ಕ್ರಿಯಾಪದಕ್ಕೆ ಮುಂಚೆಯೇ ಇಡುತ್ತಾರೆ. ಕ್ಯಾಂಟನೀಸ್‌ನವರು 'ಙೊ ಹಾಂಗ್ ಸಿನ್' ಎಂದು ಕೊನೆಗಿಡುತ್ತಾರೆ. ಲಾವೋದಲ್ಲೂ 'ಖೊಯ್ ಪೈ ಕೊನ್', ಅದೇ ವರಸೆ. ಹುಂಜಕ್ಕೆ ಕ್ಯಾಂಟನೀಸ್‌ನಲ್ಲಿ 'ಕೈ ಕುಂಗ್': ಕೋಳಿ ಮೊದಲು, ಗಂಡು ಆಮೇಲೆ. ಲಾವೋದ 'ಕೈ ಫೂ' ಕೂಡ ಹಾಗೇ. ಇದು ಆ ಹಳೇ ನೆಲದವರ ಮಾತಿನ ಗುರುತು ಎಂದು ಅನೇಕ ಭಾಷಾತಜ್ಞರು ಹೇಳುತ್ತಾರೆ. ಹಳ್ಳಿ ರೂಪ ಅಂದಿರಲ್ಲ, ಯಾರದು ಯಾರ ರೂಪ ಮೇಷ್ಟ್ರೇ?

ಕ್ಯಾಂಟನೀಸ್ ದೊಡ್ಡ ಭಾಷೆ, ಇಲ್ಲ ಅನ್ನೋಲ್ಲ. ಅದರ ಸಿನಿಮಾ ಜಗತ್ತು ಗೆದ್ದಿದೆ. ಚೀನಾದ ಟಾಂಗ್ ರಾಜವಂಶದ ಕಾಲದ ಕವಿತೆಗಳ ಪ್ರಾಸ ಮ್ಯಾಂಡರಿನ್‌ಗಿಂತ ಅದರಲ್ಲೇ ಚೆನ್ನಾಗಿ ಕೂಡುತ್ತದೆ. ಆದರೂ ಜನರ ತಲೆ ಎಣಿಸಿ ಭಾಷೆಗೆ ಬೆಲೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಮಗು ಬಾಯಲ್ಲಿ ಆಡಿದ್ದನ್ನೇ ಪಾಟಿಯ ಮೇಲೆ ಬರೆಯಬಹುದೇ? ನಾನು ಮೊದಲು ಕೇಳುವುದು ಇದನ್ನು.

ಹಾಂಕಾಂಗ್‌ನ ಮಗು 'ಅವನಲ್ಲ' ಅನ್ನಲು 'ಖೊಯ್ ಮ್ ಹೈ' ಅನ್ನುತ್ತದೆ. ಶಾಲೆಯ ಪ್ರಬಂಧದಲ್ಲಿ ಹಾಗೆ ಬರೆದರೆ ಕೆಂಪು ಗೆರೆ ಬೀಳುತ್ತದೆ. ಅಲ್ಲಿ ಮ್ಯಾಂಡರಿನ್ ಆಧಾರದ ಬರಹ ಬರೆದು, ಅದನ್ನು 'ಥಾ ಬತ್ ಸಿ' ಎಂದು ಕ್ಯಾಂಟನೀಸ್ ಉಚ್ಚಾರದಲ್ಲಿ ಓದಬೇಕು. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಜಾಹೀರಾತು, ಮೊಬೈಲ್ ಚಾಟ್, ಕಾಮಿಕ್ಸ್‌ಗಳಲ್ಲಿ ಆಡುಮಾತನ್ನು ಬರೆಯುತ್ತಾರೆ, ನಿಜ. ಆದರೆ ಪರೀಕ್ಷೆಯ ಹಾಳೆಗೆ ಅದು ಹತ್ತುವುದಿಲ್ಲ.

ಲಾವೋಸ್ ರಾಜಧಾನಿ ವಿಯೆಂಟಿಯಾನ್‌ನ ಮಗು 'ಅವನಲ್ಲ' ಅನ್ನಲು 'ಲಾವ್ ಬೊ ಮೆನ್' ಅನ್ನುತ್ತದೆ, ಹಾಗೇ ಬರೆಯುತ್ತದೆ. ಅದರ ಲಿಪಿ ನಮ್ಮದರಂತೆ ಬ್ರಾಹ್ಮಿಯ ಸಂತತಿ. ನಮ್ಮ 'ಪ್ರದೇಶ' ಅಲ್ಲಿಗೂ ಹೋಗಿದೆ. ಥಾಯ್‌ನವರು ಇಂದಿಗೂ ಶಕಾರ ಹಾಕಿ ಬರೆದು 'ಪ್ರಥೇತ್' ಎಂದು ಓದುತ್ತಾರೆ. ಲಾವೋದವರು 1975ರ ನಂತರ ಉಚ್ಚಾರವಿಲ್ಲದ ಸಂಸ್ಕೃತದ ಅಕ್ಷರಗಳನ್ನು ಪೂರ್ತಿ ಕೈಬಿಟ್ಟರು. ಕಿವಿಗೆ ಬೀಳುವ 'ಪಥೇತ್' ಅನ್ನೇ ಬರೆದರು. ಮೂಲ ಮರೆಯಾಯಿತು ಎಂದು ಪಂಡಿತರು ಕೊರಗಬಹುದು. ನನಗೆ ಒಂದನೇ ಕ್ಲಾಸಿನ ಮಗುವಿನ ಸುಖ ದೊಡ್ಡದು. ಆದರೆ ಲಾವೋಸ್‌ನಲ್ಲೇ ಬೇರೆ ಮಾತಾಡುವ ಖಮು, ಮಾಂಗ್ ಮನೆಗಳ ಮಕ್ಕಳಿಗೆ ಈ ಸುಖ ಇಲ್ಲ, ಅವರಿಗೆ ಲಾವೋ ಕಲಿತು ಬರೆಯಬೇಕಾದ ಭಾಷೆ. ಅದನ್ನೂ ಹೇಳಲೇಬೇಕು.

ಇನ್ನು ಪುಟ್ಟ ಭಾಷೆ ಅಂದಿರಿ. ಲಾವೋ ಆಡುವವರು ಲಾವೋಸ್‌ಗಿಂತ ಥೈಲ್ಯಾಂಡ್‌ನಲ್ಲೇ ಜಾಸ್ತಿ. 1893ರಲ್ಲಿ ಫ್ರೆಂಚರು ಮೆಕಾಂಗ್ ನದಿಯ ಎಡದಂಡೆ ತೆಗೆದುಕೊಂಡರು, ಬಲದಂಡೆ ಸಯಾಮ್‌ಗೆ, ಅಂದರೆ ಇಂದಿನ ಥೈಲ್ಯಾಂಡ್‌ಗೆ, ಉಳಿಯಿತು. ಆ ಬಲದಂಡೆಯ ಈಸಾನ್ ಸೀಮೆಯಲ್ಲಿ ಇಂದು ಎರಡು ಕೋಟಿಗೂ ಮೀರಿ ಜನ. ಹೆಚ್ಚಿನವರ ಮನೆಮಾತು ಲಾವೋ. ಆದರೆ ಅಲ್ಲಿಯ ಸರ್ಕಾರಿ ಬಳಕೆಯಲ್ಲಿ ಹೆಚ್ಚಾಗಿ ಅದನ್ನು ಲಾವೋ ಎನ್ನುವುದಿಲ್ಲ, 'ಈಶಾನ್ಯದ ಥಾಯ್' ಅನ್ನುತ್ತಾರೆ. 1921ರ ಕಡ್ಡಾಯ ಶಿಕ್ಷಣ ಕಾಯ್ದೆಯ ಬೆನ್ನಿಗೆ ಥಾಯ್ ಶಾಲೆ ಊರೂರಿಗೆ ಬಂತು, ಹಳೇ ಲಿಪಿ ತಾಳೆಗರಿಗಳಲ್ಲೇ ಉಳಿಯಿತು. ಎಣಿಕೆಯಲ್ಲಿ ಬಾರದ ಹಾಗೆ ಮಾಡಿ, ಆಮೇಲೆ 'ಎಷ್ಟು ಕಡಿಮೆ ಜನ' ಎಂದು ಕೇಳುವುದು ಯಾವ ನ್ಯಾಯ?

ಕ್ಯಾಂಟನೀಸ್‌ಗೂ ಇದೇ ಕಾಟ. ಸುಮ್ನೆ ಒಂದು ಉಪಭಾಷೆ ಎಂದು ಚೀನಾದ ಪಠ್ಯಗಳು ಹೇಳುತ್ತವೆ. ಮಾತಾಡಿದರೆ ಬೀಜಿಂಗ್‌ನವರಿಗೆ ಅರ್ಥವೇ ಆಗದು! 2010ರಲ್ಲಿ, ಏಷ್ಯನ್ ಗೇಮ್ಸ್‌ಗೆ ಮುಂಚೆ, ಗ್ವಾಂಗ್‌ಡಾಂಗ್‌ನ ರಾಜಧಾನಿ ಗ್ವಾಂಗ್‌ಜೋದ ಟಿವಿಯಲ್ಲಿ ಮ್ಯಾಂಡರಿನ್ ಹೆಚ್ಚಿಸಿ ಎಂಬ ಸಲಹೆ ಬಂದಾಗ ಊರಿನ ಜನ ಬೀದಿಗಿಳಿದರು. ನಮ್ಮವರೂ ಕಡಿಮೆಯೇನಲ್ಲ. ತುಳು ಕನ್ನಡದ ಉಪಭಾಷೆ ತಾನೇ ಎಂದು ಈ ಕಚೇರಿಗೆ ಈಗಲೂ ಪತ್ರ ಬರುತ್ತವೆ. ಬರೆಯುವವರು ಓದಿದವರೇ. ಅಂಥ ಪತ್ರ ನೋಡಿದಾಗ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಪತ್ರದ ಹಿಂಬದಿಯಲ್ಲಿ ನೀವು ಇನ್ನೊಂದು ಕೇಳಿದ್ದೀರಿ: ಮೊಮ್ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್, ಮ್ಯಾಂಡರಿನ್ ಇವೆ, ಕ್ಯಾಂಟನೀಸ್ ಬೇಕಾ ಎಂದು. ಖಂಡಿತ ಬೇಕು. ಹಾಂಕಾಂಗ್‌ನ ಎಷ್ಟೋ ಕೆಂಪು ಮಿನಿಬಸ್‌ಗಳಲ್ಲಿ ಇಳಿಯುವವರು 'ಯೌ ಲೋಕ್' (ಇಳಿಯುವವರಿದ್ದಾರೆ) ಎಂದು ಕೂಗಬೇಕು, ಇಲ್ಲವಾದರೆ ಬಸ್ಸು ಮುಂದೆ ಹೋಗುತ್ತದೆ. ಹಾಂಕಾಂಗ್‌ನ ಭಾಷಾತಜ್ಞರು 1993ರಲ್ಲಿ ರೂಪಿಸಿದ 'ಜ್ಯುತ್‌ಪಿಂಗ್' ಎಂಬ ರೋಮನ್ ಬರಹ ಇದೆ. ಪ್ರತಿ ಉಚ್ಚಾರಾಂಶದ (ಸಿಲಬಲ್‌ನ) ಕೊನೆಗೆ ಅದರ ಏರಿಳಿತ ಸೂಚಿಸುವ ಅಂಕಿ, ಒಂದರಿಂದ ಆರರವರೆಗೆ. ಚೀನೀ ಅಕ್ಷರಗಳನ್ನು ಆಮೇಲೆ ನೋಡಿಕೊಳ್ಳಲಿ, ಮೊದಲು ಇದರಲ್ಲಿ ಶುರು ಮಾಡಿಸಿ.