ಹೊಸದರಂತೆ ಕಾಣುವ ಹಳೆ ಟೈರು, ಗಾಳಿಯೊಳಗಿನ ನೀರು

ಚಕ್ರ-ಟೈರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡದವು. ಮಳೆಗಾಲದ ನಾಲ್ಕು ತಿಂಗಳು ಟಾರ್ಪಾಲು ಹೊದ್ದು ಮಲಗಿದ್ದ ಗಾಡಿಗಳನ್ನು ಹೊರಗೆ ತೆಗೆಯುವ ಹೊತ್ತು. ಎಂಜಿನ್ ಬಗ್ಗೆ ಯಾರೂ ಕೇಳಿಲ್ಲ, ಹೆಚ್ಚಿನವರ ಚಿಂತೆ ಟೈರಿನದೇ. ನಮಗೆ ಅದು ಸಂತೋಷವೇ.

ಪ್ರಶ್ನೆ: 2016ರ ಲ್ಯಾಂಬೋರ್ಗಿನಿ ಹುರಕಾನ್, ನಾಲ್ಕೂ ಚಕ್ರಕ್ಕೆ ಡ್ರೈವ್ ಇರುವುದು, ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಓಡಿದ್ದು ಬರೀ 9,000 ಕಿ.ಮೀ. ಟ್ರೆಡ್ (ರಸ್ತೆಗೆ ತಾಗುವ, ಗೀರುಗಳಿರುವ ಪದರ) 6 ಮಿ.ಮೀ. ಇದೆ, ಬಿರುಕಿಲ್ಲ, ಕಪ್ಪಗೆ ಹೊಳೆಯುತ್ತಿದೆ. ಜನವರಿಯಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಒಯ್ಯುವ ಆಸೆ. ಇದೇ ಟೈರಿನಲ್ಲಿ ಹೋಗಬಹುದೇ?
— ಓದುಗರು, ಕಾರವಾರ

ಉತ್ತರ: ಟ್ರೆಡ್ ಆಮೇಲೆ, ಮೊದಲು ತಾರೀಖು ನೋಡಿ. ಟೈರಿನ ಪಕ್ಕದ ಗೋಡೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 1416 ಎಂದಿದ್ದರೆ 2016ರ 14ನೇ ವಾರದಲ್ಲಿ ತಯಾರಾದದ್ದು. ಹೊರಬದಿಯಲ್ಲಿ ಸಾಲು ಅರ್ಧಕ್ಕೇ ನಿಂತಿದ್ದರೆ ಗಾಬರಿ ಬೇಡ, ಪೂರ್ತಿ ಸಾಲು ಒಳಬದಿಯಲ್ಲಿರುತ್ತದೆ. ಮುಂದಿನ ಚಕ್ರವನ್ನು ತಿರುಗಿಸಿ ನೋಡಿ. ಹಿಂದಿನದಕ್ಕೆ ಮೊಬೈಲನ್ನು ಒಳಗೆ ತೂರಿಸಿ ಫೋಟೋ ತೆಗೆಯಿರಿ. ನಾಲ್ಕನ್ನೂ ನೋಡಿ, ಎರಡು ಹೊಸದು ಎರಡು ಹಳೆಯದು ಇರುವ ಗಾಡಿಗಳು ಬೇಕಾದಷ್ಟಿವೆ.

ಕಡಿಮೆ ಓಡಿದ ಗಾಡಿಯಾದ್ದರಿಂದ ಟೈರು ಫ್ಯಾಕ್ಟರಿಯದೇ ಇರಬಹುದು. ಹಾಗಿದ್ದರೆ ಟ್ರ್ಯಾಕಿನ ಮಾತು ಬಿಡಿ, ಹುಬ್ಬಳ್ಳಿಗೂ ಜೋರಾಗಿ ಹೋಗಬೇಡಿ. ನಿಂತಲ್ಲೇ ನಿಂತಿದ್ದರೂ ರಬ್ಬರು ಸುಮ್ಮನಿರುವುದಿಲ್ಲ. ಮೆದುವಾಗಿಡುವ ಎಣ್ಣೆಯಂಶ ಮೆಲ್ಲಗೆ ಹೊರಬರುತ್ತದೆ, ಗಾಳಿಯ ಆಮ್ಲಜನಕ ಸೇರಿ ರಬ್ಬರಿನೊಳಗಿನ ಅಣುಗಳ ಸರಪಳಿಗಳು ಬಿಗಿಯುತ್ತವೆ. ಮೆದು ರಬ್ಬರು ಡಾಂಬರಿನ ಜಲ್ಲಿಯ ಸಂದಿಗಿಳಿದು ಹಿಡಿಯುತ್ತದೆ, ಗಟ್ಟಿಯಾದದ್ದು ಜಲ್ಲಿಯ ತುದಿಗಳ ಮೇಲೆ ಕೂತು ಜಾರುತ್ತದೆ. ಟ್ಯಾಗೋರ್ ಬೀಚ್ ಮುಂದಿನ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅಲ್ಲಿ ಟೈರಿನ ಶಕ್ತಿಯ ಚೂರು ಪಾಲು ಸಾಕು. ಟ್ರ್ಯಾಕಿನಲ್ಲಿ ಪೂರ್ತಿ ಕೇಳುತ್ತೀರಿ. ಹಳೆ ಟೈರು ಕಿರುಗುಟ್ಟಿ ಎಚ್ಚರಿಸದೆ ಒಮ್ಮೆಲೇ ಕೈಬಿಡುತ್ತದೆ. 2013ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ತೀರಿಕೊಂಡ ಪೋರ್ಷೆ ಕರೇರಾ ಜಿಟಿ ಅಪಘಾತಕ್ಕೆ ತನಿಖೆಯವರು ಹೇಳಿದ ಕಾರಣ ಅತಿವೇಗ. ಆ ಕಾರಿನ ಟೈರುಗಳಿಗೆ 9 ವರ್ಷವಾಗಿತ್ತು ಎಂಬುದೂ ಅದೇ ತನಿಖೆಯಲ್ಲಿ ಬಂತು.

ಹೊಳಪನ್ನಂತೂ ನಂಬಲೇಬೇಡಿ. ಮಾರುವ ಮುಂಚೆ ಸಿಲಿಕೋನ್ ಪಾಲಿಶ್ ಹಚ್ಚದವರು ಯಾರಿದ್ದಾರೆ? ಸೋಪುನೀರಿನಲ್ಲಿ ತೊಳೆದು, ಟ್ರೆಡ್ಡಿನ ಬದಿಯನ್ನು ಉಗುರಿನಿಂದ ಒತ್ತಿ. ಗುರುತು ಮೂಡಿ ಮೆಲ್ಲಗೆ ಮಾಯವಾಗಬೇಕು. ಉಗುರು ಜಾರಿದರೆ ರಬ್ಬರು ಸತ್ತಿದೆ. ರಬ್ಬರಿನ ಗಟ್ಟಿತನ ಅಳೆಯುವ ಶೋರ್ ಎ ಡ್ಯೂರೋಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು, ಅದೇ ಮಾದರಿಯ ಹೊಸ ಟೈರಿಗಿಂತ 8–10 ಅಂಕ ಮೇಲಿದ್ದರೆ ಯೋಚಿಸುವುದೇ ಬೇಡ. ನಮ್ಮ ಲೆಕ್ಕದಲ್ಲಿ ಟ್ರ್ಯಾಕಿಗೆ 4 ವರ್ಷ, ರಸ್ತೆಗೆ 6 ವರ್ಷ. ಅದರಾಚೆ ಟ್ರೆಡ್ ಎಷ್ಟಿದ್ದರೂ ಬದಲಿಸಿ.

ಹೊಸದು ತರಿಸುವಾಗ: ಮುಂದೆ 245/30 ಆರ್ 20, ಹಿಂದೆ 305/30 ಆರ್ 20. ಪಿರೆಲ್ಲಿ ಪಿ ಜೀರೋ ಆದರೆ ಗೋಡೆಯ ಮೇಲೆ ‘ಎಲ್’ ಗುರುತು ಇರುವುದನ್ನೇ ಕೇಳಿ, ಅದು ಲ್ಯಾಂಬೋರ್ಗಿನಿಗೆಂದು ಹೊಂದಿಸಿದ್ದು. ಪೋರ್ಷೆಗೆ ‘ಎನ್’, ಫೆರಾರಿಗೆ ‘ಕೆ’, ಮೆಕ್‌ಲಾರೆನ್‌ಗೆ ‘ಎಂಸಿ’. ಹೆಸರು ಒಂದೇ ಆದರೂ ಒಳಗಿನ ಕಟ್ಟೋಣ, ರಬ್ಬರು ಬೇರೆ ಇರುತ್ತವೆ. ನಾಲ್ಕನ್ನೂ ಒಟ್ಟಿಗೇ ಹಾಕಿಸಿ. ಹಿಂದೆ ಮಾತ್ರ ಹೊಸದು ಹಾಕಿ ಮುಂದೆ 2 ಮಿ.ಮೀ. ಉಳಿದ ಟೈರು ಬಿಟ್ಟರೆ ಸುತ್ತಳತೆಯ ಅನುಪಾತ ಶೇ. 1.5ಕ್ಕೂ ಹೆಚ್ಚು ತಪ್ಪುತ್ತದೆ. ಮುಂಚಕ್ರಕ್ಕೆ ಶಕ್ತಿ ಹಂಚುವ ಕ್ಲಚ್ ಆ ವ್ಯತ್ಯಾಸವನ್ನು ಉಜ್ಜಿಕೊಂಡೇ ತಡೆಯಬೇಕು, ಬಿಸಿಯಾಗುವುದು ಅದು. ಜನವರಿಗೆ ಬೇಕಿದ್ದರೆ ಇವತ್ತೇ ಆರ್ಡರ್ ಕೊಡಿ. 2020ರ ಜೂನ್‌ನಿಂದ ಹೊಸ ಟೈರುಗಳ ಆಮದು ನಿರ್ಬಂಧಿತ ಪಟ್ಟಿಯಲ್ಲಿದೆ, ಕಾರಿನ ಟೈರಿಗೆ ಐಎಸ್‌ಐ ಗುರುತೂ ಬೇಕು. ಇಂಥ ಅಳತೆ ಅಂಗಡಿಯ ಅಟ್ಟದಲ್ಲಿ ಸಿಗುವುದಿಲ್ಲ. ಸಿಕ್ಕರೆ ಮತ್ತೆ ತಾರೀಖು ನೋಡಿ!

ಇನ್ನೊಂದು ಮಾತು, ನೀವು ಕೇಳದಿದ್ದರೂ. ಮೊದಲ ಸಲಕ್ಕೆ ಸೆಮಿ-ಸ್ಲಿಕ್ (ಗೀರು ಕಡಿಮೆ ಇರುವ, ಅಂಟು ರಬ್ಬರಿನ ಟ್ರ್ಯಾಕ್ ಟೈರು) ಬೇಡ. ಅಮೆರಿಕದ ಟ್ರೆಡ್‌ವೇರ್ ಅಂಕಿಯಲ್ಲಿ ಮಿಶೆಲಿನ್‌ನ ರಸ್ತೆ ಟೈರು ಪೈಲಟ್ ಸ್ಪೋರ್ಟ್ 4ಎಸ್ 300, ಸೆಮಿ-ಸ್ಲಿಕ್ ಕಪ್ 2 ಆದರೆ 180, ಪಿರೆಲ್ಲಿ ಟ್ರೋಫಿಯೋ ಆರ್ ಬರೀ 60. ಅಂಕಿ ಇಳಿದಷ್ಟೂ ಬೇಗ ಸವೆಯುತ್ತದೆ, ಸಾಮಾನ್ಯವಾಗಿ ಹಿಡಿತ ಹೆಚ್ಚುತ್ತದೆ. 2021ರಲ್ಲಿ ಬಂದ ಪೋರ್ಷೆ 911 ಜಿಟಿ3 ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 20.832 ಕಿ.ಮೀ. ಸುತ್ತನ್ನು 6 ನಿಮಿಷ 59.927 ಸೆಕೆಂಡಿನಲ್ಲಿ ಮುಗಿಸಿದ್ದು ಕಪ್ 2 ಆರ್ ಎಂಬ ಇನ್ನೂ ಅಂಟಿನ ಟೈರಿನಲ್ಲಿ. ಜಾಹೀರಾತಿನ ಸಮಯಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಕಲಿಯುವವರಿಗೆ ಕಿರುಗುಟ್ಟಿ ಮಾತಾಡುವ ರಸ್ತೆ ಟೈರೇ ಒಳ್ಳೆಯ ಮೇಷ್ಟ್ರು. ಇರುಂಗಾಟ್ಟುಕೋಟ್ಟೈಯ 3.717 ಕಿ.ಮೀ.ನಲ್ಲಿ 12 ತಿರುವುಗಳಿವೆ, ತಪ್ಪು ಮಾಡಲು ಅಷ್ಟು ಸಾಕು.

ಪ್ರಶ್ನೆ: ಟ್ರ್ಯಾಕಿಗೆ ಹೋಗುವ ಮೊದಲು ಊರಿನಲ್ಲೇ 28 ಪಿಎಸ್‌ಐ ಗಾಳಿ ಹೊಡೆಸಿದ್ದೆ. ನಾಲ್ಕು ಸುತ್ತಾದ ಮೇಲೆ ಹಿಂದಿನ ಟೈರು 41 ತೋರಿಸಿತು, ಗಾಡಿಯ ಹಿಂಭಾಗ ಸಾಬೂನಿನ ಮೇಲೆ ನಿಂತಂತಿತ್ತು. ಜೊತೆಗಿದ್ದವರ ಅದೇ ಮಾದರಿಯ ಟೈರಿನಲ್ಲಿ 35 ಇತ್ತು. ಗೇಜ್ ಸರಿಯಿದೆ. ಇದೆಂತ ಕತೆ?
— ಓದುಗರು, ಶಿರಸಿ

ಉತ್ತರ: ನಿಮ್ಮ ಟೈರಿನಲ್ಲಿ ನೀರಿದೆ.

ಲೆಕ್ಕ ಮಾಡೋಣ. ಗೇಜಿನ 28ಕ್ಕೆ ವಾತಾವರಣದ 14.7 ಸೇರಿಸಿ: 42.7. ಒಳಗಿನ ಗಾಳಿ 30 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ (273 ಕೂಡಿಸಿದರೆ 303ರಿಂದ 353 ಕೆಲ್ವಿನ್‌ಗೆ) ಏರಿದರೆ 42.7 × 353 ÷ 303, ಅಂದರೆ ಸುಮಾರು 49.7. ಮತ್ತೆ 14.7 ಕಳೆಯಿರಿ: 35. ನಿಮ್ಮ ಜೊತೆಗಾರರಿಗೆ ಬಂದದ್ದು ಇದೇ. ಒಣ ಗಾಳಿ ಇದಕ್ಕಿಂತ ಹೆಚ್ಚು ಏರುವಂತಿಲ್ಲ.

ನೀರಿದ್ದರೆ ಲೆಕ್ಕವೇ ಬೇರೆ. ನೀರಿನ ಆವಿಯ ಒತ್ತಡ 30 ಡಿಗ್ರಿಯಲ್ಲಿ 0.6 ಪಿಎಸ್‌ಐ, 80 ಡಿಗ್ರಿಯಲ್ಲಿ ಹತ್ತಿರ ಹತ್ತಿರ 7. ಇದು ಗಾಳಿಯ ಒತ್ತಡದ ಮೇಲೆ ಸವಾರಿ ಮಾಡುತ್ತದೆ, ಆಗ ಗೇಜ್ 41 ತೋರಿಸುತ್ತದೆ. ಇಷ್ಟು ಅನಾಹುತಕ್ಕೆ ಎಷ್ಟು ನೀರು ಬೇಕು ಗೊತ್ತೇ? 40 ಲೀಟರ್ ಗಾಳಿ ಹಿಡಿಯುವ ಟೈರಿಗೆ 12 ಗ್ರಾಂ, ಎರಡೂವರೆ ಟೀ ಚಮಚ.

ಎಲ್ಲಿಂದ ಬಂತು? ಕಂಪ್ರೆಸರಿನ ಟ್ಯಾಂಕಿನಿಂದ. ಗಾಳಿಯನ್ನು ಹಿಂಡಿದಾಗ ತೇವ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಟ್ಯಾಂಕಿನ ಅಡಿಯ ನಲ್ಲಿಯನ್ನು ದಿನಾ ಬೆಳಿಗ್ಗೆ ಬಿಚ್ಚಿ ಆ ನೀರು ಬಿಡಬೇಕು. ಆಷಾಢದ ಶಿರಸಿಯಲ್ಲಿ ಹಪ್ಪಳವೇ ಒಣಗುವುದಿಲ್ಲ, ಇನ್ನು ಕಂಪ್ರೆಸರು! ಪರೀಕ್ಷೆ ಸುಲಭ: ವಾಲ್ವಿನ ಮುಂದೆ ಕನ್ನಡಕದ ಗಾಜು ಹಿಡಿದು ಪಿನ್ ಒತ್ತಿ. ಹನಿ ಕೂತರೆ ಉತ್ತರ ಸಿಕ್ಕಿತು.

ಇದಕ್ಕೆ ಪರಿಹಾರ: ವಾಲ್ವ್ ಕೋರ್ (ವಾಲ್ವಿನೊಳಗಿನ ಪಿನ್ನಿನ ತುಂಡು) ಬಿಚ್ಚಿ ಗಾಳಿ ಪೂರ್ತಿ ಬಿಡಿ, ಒಣ ನೈಟ್ರೋಜನ್ ತುಂಬಿ, ಮತ್ತೆ ಬಿಡಿ. ಹೀಗೆ ಮೂರು ಸಲ. ಗಾಡಿ ಜಾಕಿನ ಮೇಲಿರಲಿ, ಖಾಲಿ ಟೈರಿನ ಮೇಲೆ ಭಾರ ಬಿಡಬೇಡಿ. ಅಲ್ಲಾಡಿಸಿದಾಗ ನೀರಿನ ಸದ್ದು ಬಂದರೆ ಟೈರನ್ನು ರಿಮ್ಮಿನಿಂದ ಇಳಿಸಿ ಒರೆಸಲೇಬೇಕು. ನೈಟ್ರೋಜನ್‌ಗೆ ಮಂತ್ರಶಕ್ತಿ ಏನಿಲ್ಲ. ಅದು ಒಣಗಿರುತ್ತದೆ, ಅದಷ್ಟಕ್ಕೇ ದುಡ್ಡು ಕೊಡುವುದು.

ಎರಡನೇ ತಪ್ಪು ಊರಿನಲ್ಲೇ ಗಾಳಿ ಹೊಡೆಸಿದ್ದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಕೆಳಗಿಳಿದರೆ ಗೇಜ್ ಸುಮಾರು 1 ಪಿಎಸ್‌ಐ ಕಡಿಮೆ ತೋರಿಸುತ್ತದೆ, ಮುಂಜಾನೆಯ 18 ಡಿಗ್ರಿಯಿಂದ ಚೆನ್ನೈನ 30ಕ್ಕೆ ಹೋದರೆ 1.7 ಹೆಚ್ಚು. ಇಷ್ಟೆಲ್ಲ ಕೂಡಿಸಿ ಕಳೆಯುವ ಬದಲು ಟ್ರ್ಯಾಕಿನಲ್ಲೇ ಬೆಳಿಗ್ಗೆ, ಬಿಸಿಲು ಬೀಳುವ ಮೊದಲು ಅಳೆಯಿರಿ. ಬಿಸಿಲಿಗೆ ನಿಂತ ಬದಿಯ ಟೈರು ನೆರಳಿನ ಬದಿಗಿಂತ ಬೇರೆ ತೋರಿಸುತ್ತದೆ. ಎರಡು ಸುತ್ತು ಮೆಲ್ಲಗೆ, ಎರಡು ಸುತ್ತು ಜೋರಾಗಿ ಹೋಗಿ ಪಿಟ್ಟಿಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗಕ್ಕೆ) ಬನ್ನಿ. ತಣ್ಣಗಾಗಿಸುವ ಸುತ್ತು ಬೇಡ, ಅದು ನಿಜವನ್ನು ಅಳಿಸುತ್ತದೆ. ಕಾರಿನ ಪುಸ್ತಕದಲ್ಲಿ ಬಿಸಿ ಟೈರಿಗೆ ಹೇಳಿದ ಒತ್ತಡ ಎಷ್ಟೋ ಅಷ್ಟಕ್ಕೆ ಇಳಿಸಿ, ನಾಲ್ಕನ್ನೂ ಬರೆದಿಡಿ.

ಅಲ್ಲೇ ಬಿಸಿ ಅಳೆಯುವ, ಸೂಜಿ ಇರುವ ಪೈರೋಮೀಟರಿನಿಂದ ಟ್ರೆಡ್ಡಿನ ಒಳಬದಿ, ನಡು, ಹೊರಬದಿ ಚುಚ್ಚಿ ನೋಡಿ. ಮೇಲ್ಮೈ ಮಾತ್ರ ಅಳೆಯುವ ಇನ್‌ಫ್ರಾರೆಡ್ ಗನ್ ಇಲ್ಲಿ ಸಾಲದು, ಮೇಲ್ಪದರ ಪಿಟ್ ತಲುಪುವಷ್ಟರಲ್ಲೇ ಆರಿರುತ್ತದೆ. ನಡುವೆ ಹೆಚ್ಚು ಬಿಸಿಯಾದರೆ ಗಾಳಿ ಜಾಸ್ತಿ. ಎರಡೂ ಅಂಚು ಬಿಸಿಯಾಗಿ ನಡು ತಣ್ಣಗಿದ್ದರೆ ಗಾಳಿ ಕಡಿಮೆ. ಹೊರಅಂಚೇ ಸುಡುತ್ತಿದ್ದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿದ ಓರೆ) ಸಾಲದು. ಒಳಅಂಚು ಸ್ವಲ್ಪ ಬಿಸಿ ಇರಬೇಕಾದ್ದೇ, ಹೊರಅಂಚಿಗಿಂತ 10 ಡಿಗ್ರಿ ದಾಟಿದರೆ ಕ್ಯಾಂಬರ್ ಅತಿಯಾಯಿತು. ಸೆಮಿ-ಸ್ಲಿಕ್‌ಗಳು ಸುಮಾರು 80ರಿಂದ 100 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಅದಕ್ಕಿಂತ ಬಹಳ ಮೇಲೆ ಹೋದರೆ ರಬ್ಬರು ಗುಳ್ಳೆಯೇಳುತ್ತದೆ.

ಸಂಜೆ ಮರೆಯುವ ಕೆಲಸ ಒಂದಿದೆ. ಬಿಸಿಯಲ್ಲಿ ಗಾಳಿ ಬಿಟ್ಟ ಟೈರು ತಣಿದ ಮೇಲೆ 25–26ಕ್ಕೆ ಇಳಿದಿರುತ್ತದೆ. ತುಂಬಿಸಿಕೊಳ್ಳದೆ ಹೆದ್ದಾರಿಗೆ ಇಳಿಯಬೇಡಿ.

ಪ್ರಶ್ನೆ: ಸೆಮಿ-ಸ್ಲಿಕ್ ಹಾಕಿಕೊಂಡೇ ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಬಹುದೇ?
— ಓದುಗರು, ಕುಮಟಾ

ಉತ್ತರ: ಬೇಡ. ಘಟ್ಟದ ವೇಗದಲ್ಲಿ ಆ ರಬ್ಬರು ಬೆಚ್ಚಗೇ ಆಗುವುದಿಲ್ಲ, ಹಾಗಾಗಿ ಸಾಮಾನ್ಯ ಟೈರಿಗಿಂತ ಹಿಡಿತ ಕಡಿಮೆ. ಇನ್ನು ನೀರು ನಿಂತ ಹೆದ್ದಾರಿ: ಟ್ರೆಡ್ ಬೋಳಾದ ಟೈರು 32 ಪಿಎಸ್‌ಐ ಒತ್ತಡದಲ್ಲಿ ಗಂಟೆಗೆ ಸುಮಾರು 94 ಕಿ.ಮೀ.ಗೆ ನೀರಿನ ಮೇಲೆ ತೇಲುತ್ತದೆ ಎಂಬುದು ಹಳೆಯ ಸೂತ್ರ. ವಿಮಾನದ ಟೈರಿಗೆ ಕಟ್ಟಿದ ಲೆಕ್ಕ ಅದು. 305 ಮಿ.ಮೀ. ಅಗಲದ ಕಾರಿನ ಟೈರು ಅದಕ್ಕೂ ಮೊದಲೇ ತೇಲುತ್ತದೆ. ಕಾನೂನಿಗೆ 1.6 ಮಿ.ಮೀ. ಟ್ರೆಡ್ ಸಾಕು, ನಮ್ಮ ಕರಾವಳಿ ಮಳೆಗೆ 4 ಇದ್ದರೂ ಇಂಥ ಗಾಡಿಯನ್ನು ಮನೆಯಲ್ಲೇ ಬಿಡಿ ಎನ್ನುತ್ತೇವೆ.

ಪ್ರಶ್ನೆ: ಒಂದು ಚಕ್ರ ವಾರಕ್ಕೆ 2 ಪಿಎಸ್‌ಐ ಇಳಿಯುತ್ತದೆ. ನೀರಿನಲ್ಲಿ ಮುಳುಗಿಸಿದರೂ ಪಂಕ್ಚರ್ ಸಿಗಲಿಲ್ಲ. ಮನೆ ಕಡಲಿಂದ 200 ಮೀಟರ್.
— ಓದುಗರು, ಮಾಜಾಳಿ

ಉತ್ತರ: ವಿಳಾಸದಲ್ಲೇ ರೋಗ ಗೊತ್ತಾಯಿತು. ಎರಡು ಜಾಗ ನೋಡಿ. ಒಂದು, ಒತ್ತಡ ಅಳೆಯುವ ಸೆನ್ಸರಿನ ಅಲ್ಯೂಮಿನಿಯಂ ವಾಲ್ವ್. ಯಾರೋ ಅದರಲ್ಲಿ ಮಾಮೂಲಿ ಹಿತ್ತಾಳೆ ಕೋರ್ ಹಾಕಿದ್ದರೆ ಉಪ್ಪುಗಾಳಿಗೆ ಎರಡು ಲೋಹವೂ ಕಚ್ಚಿಕೊಂಡು ಅಲ್ಯೂಮಿನಿಯಂ ತಿಂದುಹೋಗುತ್ತದೆ, ಬಿಚ್ಚಲು ಹೋದರೆ ವಾಲ್ವೇ ಮುರಿದು ಕೈಗೆ ಬರುತ್ತದೆ. ನಿಕಲ್ ಲೇಪದ ಕೋರ್, ಪ್ಲಾಸ್ಟಿಕ್ ಕ್ಯಾಪ್ ಮಾತ್ರ ಬಳಸಿ. ಚಂದಕ್ಕೆ ಹಾಕುವ ಲೋಹದ ಕ್ಯಾಪ್ ಕಿತ್ತೆಸೆಯಿರಿ.

ಎರಡು, ಟೈರಿನ ಅಂಚು ಕೂರುವ ರಿಮ್ಮಿನ ಪಟ್ಟಿ. ಅಲ್ಲಿ ಬಣ್ಣದಡಿ ಬಿಳಿ ಪುಡಿ ಎದ್ದಿದ್ದರೆ ಗಾಳಿ ಕೂದಲೆಳೆಯಷ್ಟು ಸಂದಿಯಲ್ಲಿ ಹೋಗುತ್ತದೆ, ಗುಳ್ಳೆ ಬರಲು ಹತ್ತಿಪ್ಪತ್ತು ನಿಮಿಷವೇ ಬೇಕು. ಟೈರು ಇಳಿಸಿ, ನೈಲಾನ್ ಪ್ಯಾಡಿನಿಂದ ಉಜ್ಜಿ, ಒರೆಸಿ, ಬೀಡ್ ಸೀಲರ್ (ಟೈರಿನ ಅಂಚಿನ ಸಂದಿ ಮುಚ್ಚುವ ದ್ರವ) ತೆಳ್ಳಗೆ ಹಚ್ಚಿ. ಗ್ರೈಂಡರ್ ಹಿಡಿದ ಹುಡುಗನನ್ನು ರಿಮ್ಮಿನ ಹತ್ತಿರ ಬಿಡಬೇಡಿ.

ಪ್ರಶ್ನೆ: ಚಿರೆಕಲ್ಲಿನ ರಸ್ತೆಯಲ್ಲಿ ಮೊಳೆ ಹೊಕ್ಕು ಪಂಕ್ಚರ್ ಆಯಿತು. ತೂತಿಗೆ ತೂರಿಸುವ ರಬ್ಬರ್ ಬತ್ತಿ ಹಾಕಿಸಿದರೆ ಟ್ರ್ಯಾಕಿಗೆ ನಡೆಯುತ್ತದೆಯೇ?
— ಓದುಗರು, ಅಂಕೋಲಾ

ಉತ್ತರ: ಬತ್ತಿ ಮನೆ ಮುಟ್ಟಲು ಮಾತ್ರ. ಟ್ರೆಡ್ಡಿನ ನಡುಭಾಗದಲ್ಲಿದ್ದರೆ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ ಊರೊಳಗೆ ಓಡಿಸಬಹುದು, ಆ ಟೈರು ಟ್ರ್ಯಾಕಿಗೆ ಇನ್ನಿಲ್ಲ. ಸೀಲೆಂಟ್ ದ್ರವ ಸುರಿದಿದ್ದರೆ ಸೆನ್ಸರ್ ತೊಳೆಸಿ, ಬ್ಯಾಲೆನ್ಸ್ ಮತ್ತೆ ಮಾಡಿಸಿ.

ಪ್ರಶ್ನೆ: ದುಬೈನಲ್ಲಿರುವ ಅಣ್ಣನ ಎಡಗಡೆ ಸ್ಟೇರಿಂಗಿನ ಫೆರಾರಿಯನ್ನು ಊರಿಗೆ ತಂದು ನೋಂದಣಿ ಮಾಡಿಸಬಹುದೇ?
— ಓದುಗರು, ಭಟ್ಕಳ

ಉತ್ತರ: ಆಗದು, ನೋಂದಣಿಗೆ ಬಲಗಡೆ ಸ್ಟೇರಿಂಗೇ ಬೇಕು. ಕಾರ್ನೆಟ್ ಎಂಬ ತಾತ್ಕಾಲಿಕ ಆಮದಿನ ಕಸ್ಟಮ್ಸ್ ಪತ್ರದ ಮೇಲೆ ಪ್ರವಾಸಿಯಾಗಿ ತಂದು, ಅವಧಿ ಮುಗಿಯುವ ಮೊದಲು ವಾಪಸ್ ಒಯ್ಯಬಹುದು. ತರುವುದಾದರೆ ಟೈರು ಅಲ್ಲೇ ಬದಲಿಸಿಕೊಂಡು ಬರಲಿ, ಮರಳುಗಾಡಿನ ಬಿಸಿಲಲ್ಲಿ ನಿಂತ ರಬ್ಬರಿಗೆ ವಯಸ್ಸು ಬೇಗ ಆಗುತ್ತದೆ.

ಪ್ರಶ್ನೆ: 911 ಜಿಟಿ3ಯ ಚಕ್ರಕ್ಕೆ ಐದು ಬೋಲ್ಟಿನ ಬದಲು ನಡುವೆ ಒಂದೇ ನಟ್. ಊರಿನ ಗ್ಯಾರೇಜಿನವರು ಮುಟ್ಟಲು ಹೆದರುತ್ತಾರೆ.
— ಓದುಗರು, ಶಿರಸಿ

ಉತ್ತರ: ಹೆದರಿದ್ದೇ ಒಳ್ಳೆಯದಾಯಿತು. ಆ ನಟ್ಟಿಗೆ 600 ನ್ಯೂಟನ್ ಮೀಟರ್ ಬಿಗಿತ ಬೇಕು, ಒಂದು ಮೀಟರ್ ಉದ್ದದ ಹಿಡಿಯ ತುದಿಗೆ 61 ಕಿಲೋ ತೂಗುಹಾಕಿದಷ್ಟು. ಮಾಮೂಲಿ ಗ್ಯಾರೇಜಿನ ಟಾರ್ಕ್ ವ್ರೆಂಚ್ ಅದರ ಅರ್ಧಕ್ಕೇ ಮುಗಿಯುತ್ತದೆ. ಮುಕ್ಕಾಲು ಇಂಚು ಡ್ರೈವಿನ ದೊಡ್ಡ ವ್ರೆಂಚ್ ಮತ್ತು ಆ ಕಾರಿನದೇ ಸಾಕೆಟ್ ನೀವೇ ಕೊಂಡಿಡಿ. ಇಂಪ್ಯಾಕ್ಟ್ ಗನ್ನಿನಿಂದ ಬಿಗಿಸಲು ಬಿಡಬೇಡಿ. ಎಳೆಗಳಿಗೆ ಪೋರ್ಷೆ ಹೇಳುವ ಆಪ್ಟಿಮೋಲಿ ಟಿಎ ಅಲ್ಯೂಮಿನಿಯಂ ಪೇಸ್ಟ್ ಹಚ್ಚಬೇಕು, ಮಾಮೂಲಿ ಗ್ರೀಸಲ್ಲ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಬಿಗಿಸಲಿ. ಸಾಕೆಟ್ ತೆಗೆದಾಗ ನಡುವಿನ ಲಾಕ್ ಸ್ಪ್ರಿಂಗಿನಿಂದ ಹೊರಗೆ ಚಿಮ್ಮಿ ನಟ್ಟಿನ ಹಲ್ಲಿಗೆ ಕೂರಬೇಕು. ಒಳಗೇ ಸಿಕ್ಕಿಕೊಂಡಿದ್ದರೆ ಗಾಡಿ ಅಲುಗಿಸಬೇಡಿ. ಬಿಚ್ಚಿ, ಒರೆಸಿ, ಮತ್ತೆ ಬಿಗಿಸಿ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ಕೂತಿರುವುದು ನಿಮ್ಮೂರಿನ ಕೆಂಪು ಮಣ್ಣು.