ಅಡ್ಡ ಹಾಯುವ ಎರಡು ರನ್‌ವೇಗಳಲ್ಲಿ ಒಂದೇ ಹೊತ್ತಿಗೆ ವಿಮಾನ ಇಳಿದರೆ?

ಮುಂಬೈಯಲ್ಲಿ ಇಳಿಯುವಾಗ ಇನ್ನೊಂದು ರನ್‌ವೇ ಅಡ್ಡ ಹಾದುಹೋಗಿದ್ದನ್ನು ಕಿಟಕಿಯಿಂದ ನೋಡಿ, ಎರಡರಲ್ಲೂ ಒಟ್ಟಿಗೆ ವಿಮಾನ ಬಂದರೆ ಡಿಕ್ಕಿ ಆಗಲ್ವಾ ಅಂತ ಕೇಳಿದ್ದೀರಿ. ಮುಂಬೈ ಮಟ್ಟಿಗೆ ಉತ್ತರ ಸುಲಭ. ಅಲ್ಲಿ 09/27 ಮತ್ತು 14/32 ಅಂತ ಎರಡು ರನ್‌ವೇ ಇದ್ದರೂ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದನ್ನೇ ಬಳಸುತ್ತಾರೆ. ಮಳೆಗಾಲಕ್ಕೆ ಮುಂಚಿನ ದುರಸ್ತಿಗೆ ಎರಡನ್ನೂ ಒಟ್ಟಿಗೇ ಮುಚ್ಚುವುದೂ ಉಂಟು. 2024ರ ಮೇ 9ರಂದು ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಹಾಗೇ ಮಾಡಿದ್ದರು. ಬೆಂಗಳೂರಿನ ಎರಡು ರನ್‌ವೇಗಳು ಸಮಾನಾಂತರ, ಆ ತಲೆನೋವೇ ಇಲ್ಲ.

ನಿಮ್ಮ ಪ್ರಶ್ನೆಗೆ ನಿಜವಾದ ಜೀವ ಬರುವುದು ಅಮೆರಿಕದಲ್ಲಿ. ನಾನು ಪೈಲಟ್ ಅಲ್ಲ, ಅಪಘಾತ ತನಿಖೆಯ ವರದಿಗಳನ್ನು ಓದುವ ಚಟ ಇರುವವನು, ಅಷ್ಟೇ. ನ್ಯೂಯಾರ್ಕ್‌ನ ಲಾಗಾರ್ಡಿಯಾದಲ್ಲಿ ಒಂದು ರನ್‌ವೇಯಲ್ಲಿ ಇಳಿಸುತ್ತಾ, ಅದನ್ನು ಅಡ್ಡ ಹಾಯುವ ಇನ್ನೊಂದರಿಂದ ಹಾರಿಸುತ್ತಾ ಇರುತ್ತಾರೆ. ನಿಯಮ ಸರಳ: ಇಳಿಯುವ ವಿಮಾನ ರನ್‌ವೇಯ ಆರಂಭದ ಅಂಚು ದಾಟುವ ಮೊದಲು, ಇನ್ನೊಂದು ವಿಮಾನ ಎರಡೂ ರನ್‌ವೇ ಸೇರುವ ಕೂಡುಜಾಗವನ್ನು ದಾಟಿರಬೇಕು. ಇಲ್ಲವೇ ಆ ಇನ್ನೊಂದು ವಿಮಾನ ಇಳಿದು, ವೇಗ ಇಳಿಸಿ, ಕೂಡುಜಾಗಕ್ಕೆ ಮೊದಲೇ ನಿಲ್ಲುವುದು ಖಾತ್ರಿಯಾಗಿರಬೇಕು. ‘ಇಳಿದು ಆಚೆ ದಾಟದೆ ನಿಲ್ಲು’ ಅಂತ ಮೊದಲೇ ಹೇಳಿ ಇಳಿಸುವ ಪದ್ಧತಿಗೆ ಲಾಸೋ ಅನ್ನುತ್ತಾರೆ. ಆಗಲ್ಲ ಅನ್ನುವ ಹಕ್ಕು ಪೈಲಟ್‌ಗೆ ಇದೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಬೋಸ್ಟನ್ ನೋಡಿ. 2005ರ ಜೂನ್ 9ರಂದು ಅಲ್ಲಿ ಐರ್ಲೆಂಡ್‌ನ ಷಾನನ್‌ಗೆ ಹೊರಟ ಏರ್ ಲಿಂಗಸ್ ಕಂಪನಿಯ ಏರ್‌ಬಸ್ ಎ330ಗೂ ಫಿಲಡೆಲ್ಫಿಯಾಕ್ಕೆ ಹೊರಟ ಯುಎಸ್ ಏರ್‌ವೇಸ್ ಕಂಪನಿಯ ಬೋಯಿಂಗ್ 737ಗೂ, ಒಂದನ್ನೊಂದು ಅಡ್ಡ ಹಾಯುವ ರನ್‌ವೇಗಳಲ್ಲಿ, ಸುಮಾರು ಐದು ಸೆಕೆಂಡ್ ಅಂತರದಲ್ಲಿ ಟೇಕಾಫ್ ಅನುಮತಿ ಸಿಕ್ಕಿತು. ಟವರ್‌ನಲ್ಲಿ ಆ ಎರಡು ರನ್‌ವೇ ನೋಡುತ್ತಿದ್ದವರು ಇಬ್ಬರು ಕಂಟ್ರೋಲರ್‌ಗಳು. ಅವರ ನಡುವಿನ ಹೊಂದಾಣಿಕೆ ತಪ್ಪಿತ್ತು. ಏರ್‌ಬಸ್ ನೆಲ ಬಿಡುತ್ತಿರುವುದನ್ನು ಕಂಡ 737ರ ಸಹ-ಪೈಲಟ್, ಮೇಲೆತ್ತಬೇಡಿ ಅಂತ ಕ್ಯಾಪ್ಟನ್‌ಗೆ ಹೇಳಿ ವಿಮಾನದ ಮೂತಿ ಏರಿಸಿ ಇಳಿಸುವ ಹಿಡಿಯನ್ನು (ಕಂಟ್ರೋಲ್ ಕಾಲಂ) ಮುಂದಕ್ಕೆ ಒತ್ತಿ ಹಿಡಿದರು. ಏರ್‌ಬಸ್ ಮೇಲಿನಿಂದ ಹೋಯಿತು, ಇವರು ಅದರ ಕೆಳಗೆ ನುಸುಳಿದರು. ಅಂತರ ಸುಮಾರು 171 ಅಡಿ. ಎರಡರಲ್ಲೂ ಸೇರಿ 381 ಜನ. ಹೊರಟಿದ್ದ ವಿಮಾನವನ್ನು ಮೇಲೆತ್ತದೆ ಹಿಡಿದಿಡುವ ಬುದ್ಧಿ ಆ ಕ್ಷಣದಲ್ಲಿ ಹೊಳೆದದ್ದು ನನಗೆ ಇಂದಿಗೂ ಅಚ್ಚರಿ.

ಆದರೆ ನನ್ನ ಪ್ರಕಾರ ಹೆಚ್ಚು ತೊಡಕಿನದು ಗೋ-ಅರೌಂಡ್. ಇಳಿಯಲು ಬಂದ ಪೈಲಟ್ ಯಾಕೋ ಸರಿಯಿಲ್ಲ ಅಂತ ಮತ್ತೆ ಮೇಲೇರುವುದು ಬೇರೆಲ್ಲ ಕಡೆ ಅತ್ಯಂತ ಸುರಕ್ಷಿತ ನಿರ್ಧಾರ. ಇಲ್ಲಿ ಮಾತ್ರ, ನಿಲ್ಲಬೇಕಿದ್ದ ವಿಮಾನ ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಕೂಡುಜಾಗದ ಮೇಲೆ ಹಾರಿಬರುತ್ತದೆ. ರನ್‌ವೇಗಳು ನೆಲದಲ್ಲಿ ಕೂಡಲೇಬೇಕು ಅಂತಲೂ ಇಲ್ಲ, ಹಾರುವ ದಾರಿಗಳು ಗಾಳಿಯಲ್ಲಿ ಅಡ್ಡ ಹಾಯ್ದರೂ ಸಾಕು. 2012ರ ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ಗೋ-ಅರೌಂಡ್ ಮಾಡಿದ ಸ್ಪಿರಿಟ್ ಕಂಪನಿಯ ಏರ್‌ಬಸ್ ಎ319, ಬೇರೆ ರನ್‌ವೇಗೆ ಇಳಿಯುತ್ತಿದ್ದ ಪುಟ್ಟ ಸೆಸ್ನಾ ಜೆಟ್‌ನ ತೀರಾ ಹತ್ತಿರ ಹೋಯಿತು. ಮರುವರ್ಷ ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಈ ಬಗ್ಗೆ ನಿಯಮ ಬದಲಿಸಲು ಹೇಳಿತು.

ಇದಕ್ಕೆ ಇರುವ ಒಂದು ಉಪಾಯ ನನಗೆ ತುಂಬಾ ಇಷ್ಟ. ಒಂದು ರನ್‌ವೇಗೆ ಬರುತ್ತಿರುವ ವಿಮಾನದ ‘ಭೂತ’ವನ್ನು, ಅಂದರೆ ನಕಲು ಗುರುತನ್ನು, ರೇಡಾರ್ ಪರದೆ ಇನ್ನೊಂದು ರನ್‌ವೇಯ ದಾರಿಯಲ್ಲಿ ತೋರಿಸುತ್ತದೆ. ಎರಡೂ ಒಂದೇ ಸಾಲಿನಲ್ಲಿ ಬರುತ್ತಿವೆ ಅನ್ನುವ ಹಾಗೆ ಕಂಟ್ರೋಲರ್ ಅಂತರ ಕಾಯ್ದುಕೊಳ್ಳಬಹುದು.

ಇಷ್ಟಾದರೂ ಪೈಲಟ್ ಮಾತು ಕೇಳದಿದ್ದರೆ? 2023ರ ಫೆಬ್ರವರಿ 27ರಂದು ಮತ್ತೆ ಬೋಸ್ಟನ್‌ನಲ್ಲಿ, ರನ್‌ವೇ 9ರಲ್ಲಿ ನಿಂತು ಕಾಯಿ ಅಂತ ಟವರ್ ಹೇಳಿದರೆ, ಲಿಯರ್‌ಜೆಟ್ ಅನ್ನುವ ಒಂದು ಪುಟ್ಟ ಜೆಟ್ ಸೂಚನೆಯನ್ನು ಸರಿಯಾಗಿಯೇ ತಿರುಗಿ ಹೇಳಿ, ಆಮೇಲೆ ಹೊರಟೇಬಿಟ್ಟಿತು. ಅಡ್ಡ ರನ್‌ವೇಗೆ ಜೆಟ್‌ಬ್ಲೂ ಕಂಪನಿಯ ವಿಮಾನ ಇಳಿಯುತ್ತಿತ್ತು. ಟವರ್‌ನ ಎಚ್ಚರಿಕೆ ವ್ಯವಸ್ಥೆ ಕೂಗಿಕೊಂಡಿತು, ಕಂಟ್ರೋಲರ್ ಗೋ-ಅರೌಂಡ್ ಹೇಳಿದರು. ನೆಲದಿಂದ ಸುಮಾರು 30 ಅಡಿ ಎತ್ತರದಲ್ಲಿದ್ದ ಜೆಟ್‌ಬ್ಲೂ ಮೇಲೆದ್ದು ತಪ್ಪಿಸಿಕೊಂಡಿತು.