ಪ್ರತಿಕ್ರಿಯೆ: ಚಳ್ಳಕೆರೆಯಲ್ಲಿ ಆರ್‌ಒ ಘಟಕವೋ, ಬೋರ್‌ವೆಲ್ ರೀಚಾರ್ಜ್ ಕೆಲಸವೋ?

ನಮಸ್ಕಾರ. ಐಟಿಐ ಮುಗಿಸಿದ್ದೀರಿ, ಕೈಯಲ್ಲಿ 2 ಲಕ್ಷ ಇದೆ, ಚಳ್ಳಕೆರೆ ಕಡೆ ಕುಡಿಯುವ ನೀರು ಶುದ್ಧ ಮಾಡಿ ಮಾರುವ ಆರ್‌ಒ ಘಟಕ, ಮಳೆ ನೀರನ್ನು ಬೋರ್‌ವೆಲ್‌ಗೆ ಇಂಗಿಸುವ ರೀಚಾರ್ಜ್ ಕೆಲಸ, ಈ ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನನ್ನ ಮತ ರೀಚಾರ್ಜ್‌ಗೆ. ಆರ್‌ಒಗೂ ಬೋರ್ ನೀರೇ ಬೇಕು. ಅದರಲ್ಲೂ ಒಂದಷ್ಟು ನೀರು ಸುಮ್ನೆ ಚರಂಡಿ ಪಾಲಾಗುತ್ತದೆ.

ರೀಚಾರ್ಜ್‌ಗೆ ದೊಡ್ಡ ಯಂತ್ರ ಕೊಳ್ಳಬೇಕಿಲ್ಲ, ಜೆಸಿಬಿ ಬಾಡಿಗೆಗೆ ಸಿಗುತ್ತದೆ. ಬೋರ್‌ವೆಲ್‌ಗೆ ಇಳಿಸಿದ ಹೊರ ಪೈಪು, ಅಂದರೆ ಕೇಸಿಂಗ್ ಪೈಪಿನ ಸುತ್ತ 10 ಅಡಿ ಉದ್ದ, ಅಗಲ, ಆಳದ ಗುಂಡಿ. ಪೈಪಿಗೆ ತೂತು ಕೊರೆದು ಜಾಲರಿ ಸುತ್ತಬೇಕು. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಕೊನೆಗೆ ಮರಳು. ಆದರೆ ಗುಂಡಿಗೆ ಮೊದಲು ಹೂಳು ನಿಲ್ಲುವ ಇನ್ನೊಂದು ಸಣ್ಣ ಗುಂಡಿ ಇರಲೇಬೇಕು. ನಾನು ಮೊದಲ ಸಲ ಅದನ್ನು ಬಿಟ್ಟೆ. ಒಂದೇ ಮಳೆಗೆ ಮರಳಿನ ಮೇಲೆ ರೊಟ್ಟಿಯಂತೆ ಕೆಸರು ಕೂತು, ನೀರು ಇಳಿಯಲೇ ಇಲ್ಲ. ರೈತರ ಮುಂದೆ ತಲೆ ತಗ್ಗಿಸಿ, ನನ್ನ ದುಡ್ಡಲ್ಲೇ ಮರಳು ಬದಲಿಸಿದೆ. ಗೊಬ್ಬರದ ಗುಂಡಿ, ಕೊಟ್ಟಿಗೆ ಕಡೆಯ ನೀರನ್ನಂತೂ ಇದರೊಳಗೆ ಹರಿಯಲು ಬಿಡಲೇಬೇಡಿ.

ಇದು ಮಳೆಗಾಲಕ್ಕೆ ಮುಂಚಿನ ಕೆಲಸ. ಉಳಿದ ತಿಂಗಳಲ್ಲಿ ಚಾವಣಿ ನೀರಿನ ಫಿಲ್ಟರ್ ಕೂರಿಸಿ. 1,000 ಚದರಡಿ ತಾರಸಿಗೆ 400 ಮಿ.ಮೀ. ಮಳೆ ಬಂದರೂ ಸುಮಾರು 30,000 ಲೀಟರ್ ಹಿಡಿಯಬಹುದು. ನಿಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಕಾಟ ಇದೆ ಅಲ್ವಾ, ಮಳೆ ನೀರಿಗೆ ಅದಿಲ್ಲ.

ಕಲ್ಲು, ಮರಳಿನ ಖರ್ಚು ರೈತರದ್ದೇ ಇರಲಿ, ನೀವು ಕೂಲಿ ಮಾತ್ರ ಮಾತಾಡಿ. ಪೂರ್ತಿ ಬತ್ತಿದ ಬೋರಲ್ಲಿ ನೀರು ಬಂದೇ ಬರುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ.